ಪ್ರಶಸ್ತಿಯ ಮುದ್ರೆಗೆ ಮೊದಲು ಪುಸ್ತಕದ ಬೆನ್ನು ನೋಡಿ

ಓದುಗರ ಪತ್ರ

ಮಾನ್ಯರೇ, ಹೊಸನಗರ ತಾಲೂಕಿನ ನಮ್ಮ ಊರಿನಲ್ಲಿ ಹನ್ನೆರಡು ಮನೆಯವರು ಸೇರಿ ಓದುಬಳಗ ಕಟ್ಟಿಕೊಂಡಿದ್ದೇವೆ. ವರ್ಷಕ್ಕೆ 6,000 ರೂಪಾಯಿ ಒಟ್ಟಾಗುತ್ತದೆ. ಬೂಕರ್, ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ, ಕತೆಗಳನ್ನು ತರಿಸುತ್ತೇವೆ. ಹಾರ್ಡ್‌ಬೌಂಡ್ ನಮ್ಮ ಕೈಗೆಟುಕದು, ಪೇಪರ್‌ಬ್ಯಾಕ್ ಯಾವಾಗ ಬರುತ್ತದೋ ಗೊತ್ತಾಗದು. ತರಿಸಿದವುಗಳಲ್ಲೂ ಒಂದೇ ಮಳೆಗಾಲಕ್ಕೆ ರಕ್ಷಾಪುಟ ಸುರುಳಿ ಸುತ್ತಿತು, ಎರಡರ ಹಾಳೆಗಳು ಕಿತ್ತು ಬಂದವು. ಯಾವ ಆವೃತ್ತಿ ಕೊಳ್ಳಬೇಕು, ಯಾವಾಗ ಕೊಳ್ಳಬೇಕು, ಹೇಗೆ ಇಡಬೇಕು?

ಸಂಪಾದಕರ ಉತ್ತರ

ಹನ್ನೆರಡು ಮನೆಗೆ ಸುತ್ತುವ ಪುಸ್ತಕ ಒಂದು ಮನೆಯ ಕಪಾಟಿನ ಪುಸ್ತಕಕ್ಕಿಂತ ಹೆಚ್ಚು ಗಟ್ಟಿಯಾಗಿರಬೇಕು. ಆದ್ದರಿಂದ ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಮುಖಪುಟದ ಚಿನ್ನದ ಬಣ್ಣದ ಮುದ್ರೆಯಲ್ಲಿಲ್ಲ. ಅದು ಇರುವುದು ಎರಡು ಜಾಗದಲ್ಲಿ: ಮುದ್ರಣದ ವಿವರವಿರುವ ಒಳಗಿನ ಹಕ್ಕುಪುಟದಲ್ಲಿ ಮತ್ತು ಪುಸ್ತಕದ ಬೆನ್ನಿನಲ್ಲಿ.

ಮೊದಲು ಕಾಲದ ಮಾತು. ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ ಕೊಡುವ ಬೂಕರ್‌ಗೆ, ಹಿಂದಿನ ವರ್ಷದ ಅಕ್ಟೋಬರ್ 1ರಿಂದ ಆ ವರ್ಷದ ಸೆಪ್ಟೆಂಬರ್ 30ರೊಳಗೆ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕಗಳು ಅರ್ಹ. ಅಲ್ಲಿನ ಪ್ರಕಾಶಕರು ಹಾರ್ಡ್‌ಬೌಂಡ್ ಬಂದ ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಪೇಪರ್‌ಬ್ಯಾಕ್ ತರುವುದು ವಾಡಿಕೆ. ಈ ಎರಡನ್ನೂ ಕೂಡಿಸಿ ನೋಡಿದರೆ ಕಾಯಬೇಕೋ ಬೇಡವೋ ತಿಳಿಯುತ್ತದೆ. 2024ರಲ್ಲಿ ಗೆದ್ದ ಸಮಂತಾ ಹಾರ್ವೆಯವರ ‘ಆರ್ಬಿಟಲ್’ ಮೊದಲು ಬಂದದ್ದು 2023ರ ನವೆಂಬರಿನಲ್ಲಿ. 2024ರ ನವೆಂಬರ್ 12ರಂದು ಪ್ರಶಸ್ತಿ ಪ್ರಕಟವಾದಾಗ ಅದರ ಪೇಪರ್‌ಬ್ಯಾಕ್ ಆಗಲೇ ಅಂಗಡಿಯಲ್ಲಿತ್ತು. ಅದರ ಹಿಂದಿನ ವರ್ಷ ಗೆದ್ದ ಪಾಲ್ ಲಿಂಚ್ ಅವರ ‘ಪ್ರಾಫೆಟ್ ಸಾಂಗ್’ ಬಂದದ್ದು 2023ರ ಆಗಸ್ಟಿನಲ್ಲಿ, ಗೆದ್ದದ್ದು ಅದೇ ನವೆಂಬರಿನಲ್ಲಿ. ಬ್ರಿಟನ್ನಿನವರು ಅದರ ಪೇಪರ್‌ಬ್ಯಾಕಿಗೆ ಮರುವರ್ಷದವರೆಗೆ ಕಾಯಬೇಕಾಯಿತು. ಹಾಗಾಗಿ ಕಿರುಪಟ್ಟಿ, ಅಂದರೆ ಕೊನೆಯ ಸುತ್ತಿಗೆ ಉಳಿದ ಪುಸ್ತಕಗಳ ಪಟ್ಟಿ, ಬಂದ ಕೂಡಲೇ ಪ್ರತಿ ಪುಸ್ತಕದ ಮೊದಲ ಪ್ರಕಟಣೆಯ ತಿಂಗಳು ನೋಡಿಕೊಳ್ಳಿ. ಹಿಂದಿನ ವರ್ಷದ ಕೊನೆಯದಾದರೆ ಪೇಪರ್‌ಬ್ಯಾಕ್ ಇದೆ ಅಥವಾ ಬಾಗಿಲಲ್ಲಿದೆ. ಬೇಸಿಗೆಯ ನಂತರದ್ದಾದರೆ ಮುಂದಿನ ಮಳೆಗಾಲದ ಆಸುಪಾಸಿನವರೆಗೆ ಕಾಯಿರಿ.

ಇನ್ನೊಂದು ದಾರಿಯೂ ಇದೆ. ಭಾರತದಂಥ ದೇಶಗಳಿಗೆ ಹಲವು ಪುಸ್ತಕಗಳು ಹಾರ್ಡ್‌ಬೌಂಡ್ ಜೊತೆಜೊತೆಗೇ ದೊಡ್ಡ ಆಕಾರದ ಪೇಪರ್‌ಬ್ಯಾಕ್ ಆಗಿ ಬರುತ್ತವೆ. ಮಾರಾಟಗಾರರು ಇದನ್ನು ಟ್ರೇಡ್ ಪೇಪರ್‌ಬ್ಯಾಕ್ ಎನ್ನುತ್ತಾರೆ. ಅಳತೆ ಸುಮಾರು 153 × 234 ಮಿ.ಮೀ., ಅಕ್ಷರ ದೊಡ್ಡದು, ಬೆಲೆ ನಡುಮಟ್ಟದ್ದು. ವರ್ಷ ಕಳೆದು ಬರುವ ಚಿಕ್ಕ ಪೇಪರ್‌ಬ್ಯಾಕಿನ ಅಳತೆ 129 × 198 ಮಿ.ಮೀ. ಎರಡಕ್ಕೂ ಬೇರೆ ಬೇರೆ ಐಎಸ್‌ಬಿಎನ್, ಅಂದರೆ ಆವೃತ್ತಿಯ ಗುರುತಿನ ಸಂಖ್ಯೆ, ಇರುತ್ತದೆ. ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿ ಹೆಸರಷ್ಟೇ ಹೇಳಿದರೆ ಅವರ ವಿತರಕರು ಕೈಯಲ್ಲಿದ್ದದ್ದನ್ನು ಕಳಿಸುತ್ತಾರೆ. 13 ಅಂಕಿಯ ಐಎಸ್‌ಬಿಎನ್ ಬರೆದುಕೊಟ್ಟರೆ ನೀವು ಕೇಳಿದ್ದೇ ಬರುತ್ತದೆ.

ಅನುವಾದಕ್ಕೆ ಕೊಡುವ ಇಂಟರ್‌ನ್ಯಾಷನಲ್ ಬೂಕರ್‌ನ ಕತೆ ಬೇರೆ. ಅಲ್ಲಿ ಸಣ್ಣ ಪ್ರಕಾಶಕರ ಪುಸ್ತಕಗಳು ಮೊದಲೇ ಪೇಪರ್‌ಬ್ಯಾಕ್ ಆಗಿ ಬರುವುದು ಹೆಚ್ಚು, ಕಾಯುವ ಪ್ರಶ್ನೆಯೇ ಬಾರದು. 2025ರ ಮೇ 20ರಂದು ಗೆದ್ದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಅಂಥದ್ದೇ. ದೀಪಾ ಭಾಸ್ತಿ ಅವರ ಅನುವಾದ. ಬ್ರಿಟನ್ನಿನಲ್ಲಿ ಆ್ಯಂಡ್ ಅದರ್ ಸ್ಟೋರೀಸ್, ಭಾರತದಲ್ಲಿ ಪೆಂಗ್ವಿನ್ ತಂದದ್ದು. ಈ ಪ್ರಶಸ್ತಿ ಪಡೆದ ಮೊದಲ ಕಥಾಸಂಕಲನ. 50,000 ಪೌಂಡಿನ ಮೊತ್ತ ಲೇಖಕಿಗೂ ಅನುವಾದಕಿಗೂ ಸಮಪಾಲು. ನಿಮ್ಮ ಬಳಗದವರು ಇದನ್ನು ಮೂಲದ ಜೊತೆ ಇಟ್ಟು ಓದಲು ಹೊರಟರೆ ಒಂದು ತೊಡಕು ಎದುರಾಗುತ್ತದೆ. ಇದು ಯಾವುದೋ ಒಂದು ಕನ್ನಡ ಪುಸ್ತಕದ ಇಂಗ್ಲಿಷ್ ರೂಪವಲ್ಲ. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆರಿಸಿದ ಹನ್ನೆರಡು ಇಲ್ಲಿವೆ. ‘ಎದೆಯ ಹಣತೆ’ ಎಂಬ ಹಳೆಯ ಸಂಕಲನ ತರಿಸಿಕೊಂಡರೆ ಹನ್ನೆರಡೂ ಅದರಲ್ಲಿ ಸಿಗುವುದಿಲ್ಲ. ಕೊಳ್ಳುವ ಮೊದಲು ಪರಿವಿಡಿಯನ್ನು ತಾಳೆ ನೋಡಿ. ಅನುವಾದದಲ್ಲಿ ಅಡಿಟಿಪ್ಪಣಿಗಳಿಲ್ಲ, ಕನ್ನಡ-ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಿಯೂ ಇಲ್ಲ. ಕನ್ನಡ ಓದುಗರ ಬಳಗಕ್ಕೆ ಎರಡೂ ಭಾಷೆಯಲ್ಲಿ ಜೋಡಿಯಾಗಿ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಸದ್ಯಕ್ಕೆ ನಮಗೆ ಕಾಣುತ್ತಿಲ್ಲ.

ಒಂದೇ ಕಾದಂಬರಿ ಎರಡು ಹೆಸರಿನಲ್ಲಿರುವುದೂ ಉಂಟು. 2022ರ ಬೂಕರ್ ಪಡೆದ ಶೆಹಾನ್ ಕರುಣತಿಲಕ ಅವರ ‘ದಿ ಸೆವೆನ್ ಮೂನ್ಸ್ ಆಫ್ ಮಾಲಿ ಅಲ್ಮೇಡಾ’ ಭಾರತದಲ್ಲಿ 2020ರಲ್ಲೇ ‘ಚಾಟ್ಸ್ ವಿತ್ ದ ಡೆಡ್’ ಎಂಬ ಹೆಸರಿನಲ್ಲಿ ಬಂದಿತ್ತು. ಹೊರದೇಶದ ಓದುಗರಿಗಾಗಿ ತಿದ್ದಿ ಬರೆದ ಪಠ್ಯಕ್ಕೆ ಪ್ರಶಸ್ತಿ ಬಂತು. ಗೊತ್ತಿಲ್ಲದೆ ಎರಡನ್ನೂ ತರಿಸಿದರೆ ಬಳಗದ ಹಣ ದಂಡ.

ಇನ್ನು ಮುದ್ರೆಯ ವಿಚಾರ. ‘ಬೂಕರ್ ವಿಜೇತ ಲೇಖಕರ’ ಎಂದಿದ್ದರೆ ಗೆದ್ದದ್ದು ಅದೇ ಪುಸ್ತಕ ಎಂದರ್ಥವಲ್ಲ; ದೀರ್ಘ ಪಟ್ಟಿ, ಕಿರುಪಟ್ಟಿ, ವಿಜೇತ ಮೂರಕ್ಕೂ ದುಂಡು ಮುದ್ರೆಯೇ ಇರುತ್ತದೆ, ಒಳಗಿನ ಸಣ್ಣಕ್ಷರ ಓದಬೇಕು. ನಮ್ಮಲ್ಲೂ ಹೀಗೇ. ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ನಮ್ಮ ಕುಪ್ಪಳಿಯ ಕುವೆಂಪು ಅವರಿಗೆ ಬಂದದ್ದು ಮಹಾಕಾವ್ಯಕ್ಕೆ, ಕಾದಂಬರಿಗಲ್ಲ. ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರಿಗೆ 1994ರಲ್ಲಿ ಸಂದದ್ದು ಒಟ್ಟು ಸಾಹಿತ್ಯಕ್ಕೆ. 2013ರಲ್ಲಿ ಅವರು ಮ್ಯಾನ್ ಬೂಕರ್ ಇಂಟರ್‌ನ್ಯಾಷನಲ್‌ನ ಅಂತಿಮ ಪಟ್ಟಿಯಲ್ಲಿದ್ದಾಗಲೂ ಆ ಪ್ರಶಸ್ತಿ ಒಂದು ಪುಸ್ತಕಕ್ಕಲ್ಲ, ಸಮಗ್ರ ಬರಹಕ್ಕೆ ಕೊಡುವಂಥದ್ದು. ಒಂದೇ ಪುಸ್ತಕಕ್ಕೆ ಕೊಡುವ ಪದ್ಧತಿ ಬಂದದ್ದು 2016ರಲ್ಲಿ. ಪ್ರಶಸ್ತಿ ಪಡೆದ ಕೃತಿಯನ್ನೇ ಓದಬೇಕೆಂಬ ಹಟ ಬಳಗಕ್ಕಿದ್ದರೆ, ತೇಜಸ್ವಿಯವರ ‘ಚಿದಂಬರ ರಹಸ್ಯ’ದಂತೆ (ಕೇಂದ್ರ ಸಾಹಿತ್ಯ ಅಕಾಡೆಮಿ, 1987) ನೇರವಾಗಿ ಪುಸ್ತಕಕ್ಕೇ ಸಂದ ಪ್ರಶಸ್ತಿಗಳ ಪಟ್ಟಿ ಹಿಡಿದು ಹೊರಡಿ.

ಈಗ ಬೆನ್ನು. ನಿಮ್ಮ ಹಾಳೆಗಳು ಕಿತ್ತುಬಂದ ಕಾರಣ ಇಲ್ಲಿದೆ.

ಪೇಪರ್‌ಬ್ಯಾಕುಗಳಲ್ಲಿ ಹೆಚ್ಚಿನವು ಪರ್ಫೆಕ್ಟ್ ಬೈಂಡಿಂಗ್. ದೊಡ್ಡ ಹಾಳೆಯನ್ನು ಹದಿನಾರು ಪುಟವಾಗುವಂತೆ ಮಡಿಚಿದ ಫಾರಂಗಳನ್ನು ಜೋಡಿಸಿ, ಬೆನ್ನಿನ ಕಡೆಯ ಮಡಿಕೆಯನ್ನು ಎರಡು ಮೂರು ಮಿ.ಮೀ. ಅರೆದು ತೆಗೆದು, ಬಿಡಿಬಿಡಿಯಾದ ಹಾಳೆಗಳ ಅಂಚಿಗೆ ಬಿಸಿ ಅಂಟು ಬಳಿದು ರಕ್ಷಾಪುಟ ಒತ್ತುತ್ತಾರೆ. ಒಂದೊಂದು ಹಾಳೆಯೂ ತನ್ನ ಅಂಚಿಗೆ ತಗುಲಿದ ಅಂಟಿನ ಬಲದಲ್ಲಷ್ಟೇ ನಿಂತಿರುತ್ತದೆ. ಅಂಟು ಎರಡು ಬಗೆ. ಇವಿಎ ಅಗ್ಗದ್ದು, ಬೇಗ ಗಟ್ಟಿಯಾಗುತ್ತದೆ. ಚಳಿಗೆ ಪೆಡಸಾಗಿ ಬಿರಿಯುತ್ತದೆ, ಬಿಸಿಲಿಗೆ ಮೆದುವಾಗುತ್ತದೆ. ಪಿಯುಆರ್ ದುಬಾರಿ, ಗಾಳಿಯ ತೇವ ಹೀರಿಕೊಂಡು ಒಂದು ದಿನದಲ್ಲಿ ಹದಕ್ಕೆ ಬರುತ್ತದೆ. ಆಮೇಲೆ ಬಗ್ಗಿದರೂ ಬಿರಿಯುವುದಿಲ್ಲ. ಯಾವ ಅಂಟೆಂದು ಪುಸ್ತಕದ ಮೇಲೆ ಬರೆದಿರುವುದಿಲ್ಲ, ಆದರೆ ಕೈಗೆ ತಿಳಿಯುತ್ತದೆ. ನಡುವಿನ ಪುಟ ತೆರೆದು ಮೇಜಿನ ಮೇಲೆ ಬಿಡಿ. ತೆಳುವಾದ ಅಂಟಿನ ಗೆರೆಯಿದ್ದು ಪುಟ ತೆರೆದೇ ನಿಂತರೆ ಒಳ್ಳೆಯದು. ದಪ್ಪ ಅಂಟು ‘ಚಟ್’ ಎಂದು ಸದ್ದು ಮಾಡಿ ಬೆನ್ನಿನ ಮೇಲೆ ಬಿಳಿ ಗೆರೆ ಬಿದ್ದರೆ, ಅದು ಹನ್ನೆರಡು ಮನೆ ಸುತ್ತುವ ಪುಸ್ತಕವಲ್ಲ.

ಬೆನ್ನಿನ ತಲೆಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಹಾಳೆಗಳು ಇಸ್ಪೀಟು ಕಟ್ಟಿನಂತೆ ನೇರ ಕೂತಿದ್ದರೆ ಮಡಿಕೆ ಅರೆದದ್ದು. ಸಣ್ಣ ಸಣ್ಣ ಕಮಾನುಗಳ ಸಾಲು ಕಂಡರೆ ಫಾರಂಗಳ ಮಡಿಕೆ ಉಳಿದಿದೆ, ಅಂಥದ್ದು ಹೆಚ್ಚು ಬಾಳುತ್ತದೆ. ಅದೇ ಫಾರಂನ ನಟ್ಟನಡುವೆ ನೂಲು ಕಂಡರೆ ಹೊಲಿಗೆಯ ಪುಸ್ತಕ. ಬೆಲೆ ಐವತ್ತು ರೂಪಾಯಿ ಹೆಚ್ಚಾದರೂ ತೆಗೆದುಕೊಳ್ಳಿ. 136 ಪುಟದ ‘ಆರ್ಬಿಟಲ್’ಗೆ ಇದೆಲ್ಲ ಅಷ್ಟು ಮುಖ್ಯವಲ್ಲ. 2022ರ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಗೀತಾಂಜಲಿ ಶ್ರೀ ಅವರ ‘ಟೂಂಬ್ ಆಫ್ ಸ್ಯಾಂಡ್’ನಂಥ 700 ಪುಟ ದಾಟಿದ ಪುಸ್ತಕಕ್ಕೆ ಇದೇ ಮುಖ್ಯ.

ಕಾಗದದ ಎಳೆ, ಮುದ್ರಕರು ಗ್ರೇನ್ ಎನ್ನುವುದು, ಮಲೆನಾಡಿನಲ್ಲಿ ಬೇರೆಲ್ಲ ಕಡೆಗಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ತೇವ ಹೀರಿದ ಕಾಗದ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಎಳೆ ಬೆನ್ನಿಗೆ ಸಮಾನಾಂತರವಾಗಿದ್ದರೆ ಹಾಳೆ ಹೊರ ಅಂಚಿನ ಕಡೆಗೆ ಹಿಗ್ಗುತ್ತದೆ, ಅಲ್ಲಿ ತಡೆಯಿಲ್ಲ, ತೊಂದರೆಯೂ ಇಲ್ಲ. ಎಳೆ ಅಡ್ಡಲಾಗಿದ್ದರೆ ಹಾಳೆ ಉದ್ದಕ್ಕೆ ಹಿಗ್ಗಬೇಕು, ಆದರೆ ಒಂದು ಅಂಚನ್ನು ಅಂಟು ಹಿಡಿದುಕೊಂಡಿರುತ್ತದೆ. ಆಗ ಹಾಳೆ ಅಲೆಅಲೆಯಾಗಿ ಏಳುತ್ತದೆ, ಪ್ರತಿ ಮಳೆಗಾಲಕ್ಕೂ ಅಂಟನ್ನು ಜಗ್ಗುತ್ತದೆ, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬಿಟ್ಟುಕೊಳ್ಳುತ್ತದೆ. ಪರೀಕ್ಷೆ ಸುಲಭ: ನಡುಪುಟ ತೆರೆದಾಗ ಹಾಳೆಗಳು ಎರಡೂ ಕಡೆ ಮೆತ್ತಗೆ ಮಲಗಿದರೆ ಎಳೆ ಸರಿಯಿದೆ, ಸೆಟೆದು ನಿಂತು ಹಿಂದಕ್ಕೆ ಹಾರಿದರೆ ಅಡ್ಡ ಎಳೆ.

ರಕ್ಷಾಪುಟ ಸುರುಳಿ ಸುತ್ತುವುದೂ ಇದೇ ಗುಣದಿಂದ. ಹೊರಮೈಗೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಇದೆ, ಅಲ್ಲಿ ತೇವ ಒಳಹೋಗದು. ಒಳಮೈ ಬರಿಯ ಕಾಗದ, ಅದು ಹಿಗ್ಗುತ್ತದೆ. ಹೀಗಾಗಿ ರಕ್ಷಾಪುಟ ಹೊರಕ್ಕೆ ಸುರುಳಿಯಾಗುತ್ತದೆ. ಒಳಕ್ಕೆ ಮಡಿಚಿದ ಕಿವಿಯಿರುವ ರಕ್ಷಾಪುಟ ಇಷ್ಟು ಬೇಗ ಸುತ್ತುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಮಾತ್ರ ಬೇಡ: ಲ್ಯಾಮಿನೇಷನ್ ಗುಳ್ಳೆ ಏಳುತ್ತದೆ, ಬೆನ್ನಿನ ಅಂಟು ಕರಗುತ್ತದೆ. ಆರಿದ್ರಾ ಮಳೆಯಿಂದ ಗಣಪತಿ ಹಬ್ಬದವರೆಗೆ ಪೇಪರ್‌ಬ್ಯಾಕುಗಳನ್ನು ನಿಲ್ಲಿಸದೆ ಅಡ್ಡಡ್ಡ ಮಲಗಿಸಿ, ಐದಾರರ ಮೇಲೆ ಒಂದು ಭಾರದ ಹಲಗೆ ಇಡಿ. ಮಾರ್ಗಶಿರದ ಒಣಗಾಳಿಗೆ ಬಹುಪಾಲು ತಾವೇ ನೆಟ್ಟಗಾಗುತ್ತವೆ.

ಕನ್ನಡ ಪುಸ್ತಕಗಳಲ್ಲಿ ಒಂದು ಅನುಕೂಲವಿದೆ, ಅದನ್ನು ಬಿಡಬೇಡಿ. ಹಕ್ಕುಪುಟದಲ್ಲೇ ‘70 ಜಿ.ಎಸ್.ಎಂ. ಎನ್.ಎಸ್. ಮ್ಯಾಪ್‌ಲಿಥೋ, 1/8 ಡೆಮಿ’ ಎಂದು ಕಾಗದ, ಆಕಾರ, ಎಷ್ಟೋ ಸಲ ಪ್ರತಿಗಳ ಸಂಖ್ಯೆಯನ್ನೂ ಅಚ್ಚು ಹಾಕಿರುತ್ತಾರೆ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು. 60 ಜಿ.ಎಸ್.ಎಂ.ಗಿಂತ ತೆಳುವಾದರೆ ಹಿಂಬದಿಯ ಅಕ್ಷರ ಕಾಣುತ್ತದೆ. 80ಕ್ಕೆ ಹೋದರೆ 500 ಪುಟದ ಕಾದಂಬರಿಯ ಬೆನ್ನು ದಪ್ಪವಾಗಿ ನಡುವೆ ಸೀಳುತ್ತದೆ. 70 ನಮ್ಮ ಹವೆಗೆ ಹದ. ಇಂಗ್ಲಿಷ್ ಪುಸ್ತಕದಲ್ಲಿ ಈ ವಿವರ ಸಾಮಾನ್ಯವಾಗಿ ಸಿಗುವುದಿಲ್ಲ, ಬದಲಿಗೆ ‘10 9 8 7 6 5’ ಎಂಬ ಸಾಲಿರುತ್ತದೆ. ಅದರಲ್ಲಿ ಅತಿ ಸಣ್ಣ ಅಂಕಿಯೇ ಎಷ್ಟನೆಯ ಮುದ್ರಣ ಎಂಬುದು. ಪ್ರಶಸ್ತಿ ಬಂದ ವಾರಗಳಲ್ಲಿ ಅವಸರದಿಂದ ತೆಗೆದ ಮುದ್ರಣದಲ್ಲಿ ಕಾಗದಕ್ಕೆ ಹದಗೊಳ್ಳಲು ಪುರುಸೊತ್ತು ಸಿಕ್ಕಿರುವುದಿಲ್ಲ. ಇಂಟರ್‌ನ್ಯಾಷನಲ್ ಬೂಕರ್ ಪ್ರಕಟವಾಗುವುದು ಮೇ ತಿಂಗಳಲ್ಲಿ, ಹೊಸ ಪ್ರತಿಗಳು ನಮ್ಮ ಘಟ್ಟ ಸೇರುವುದು ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ. ಹಾಗಾಗಿ ಅದಕ್ಕೂ ಮೊದಲು ಬರುವ ಕಿರುಪಟ್ಟಿಯಿಂದಲೇ ಎರಡು ಪುಸ್ತಕ ಆರಿಸಿ ಮೇ ಮೊದಲ ವಾರದೊಳಗೆ ತರಿಸಿಕೊಳ್ಳಿ, ಇಲ್ಲವೇ ದಸರಾ ಕಳೆಯಲಿ.

ಅರ್ಧ ಬೆಲೆಗೆ ಸಿಗುವ ಪ್ರತಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಗೆದ್ದ ಪುಸ್ತಕ ವಾರದೊಳಗೆ ನೂರೈವತ್ತು ರೂಪಾಯಿಗೆ ಸಿಕ್ಕರೆ ಅದು ಕಳ್ಳಮುದ್ರಣವೆಂದೇ ಅನುಮಾನಿಸಿ. ಮುಖಪುಟದ ಸಣ್ಣಕ್ಷರ ಮಸುಕು, ಬೆನ್ನಿನ ಹೆಸರು ನಡುಗೆರೆಯಿಂದ ಸರಿದಿರುತ್ತದೆ, ಒಳ ಅಂಚು ಕಿರಿದು, ಪುಟಗಳು ಓರೆ, ಕೆಲವೊಮ್ಮೆ ಒಂದಿಡೀ ಫಾರಂ ಕಾಣೆ. ಲೇಖಕರಿಗೂ ಅನುವಾದಕರಿಗೂ ಅದರಿಂದ ಬಿಡಿಗಾಸು ಹೋಗುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಇಡುವ ಜಾಗ. ಪಶ್ಚಿಮದ ಹೊರಗೋಡೆಗೆ ಕಪಾಟು ತಾಗಿಸಬೇಡಿ, ಕನಿಷ್ಠ ಎರಡು ಇಂಚು ಬಿಡಿ. ಗಾಳಿಯ ತೇವ ಶೇ. 65 ದಾಟಿ ನಿಂತರೆ ಬೂಷ್ಟು ಹಿಡಿಯಲು ಶುರು, ನಮ್ಮಲ್ಲಿ ಜುಲೈ ತಿಂಗಳಿಡೀ ಅದಕ್ಕಿಂತ ಮೇಲೆಯೇ ಇರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಪುಸ್ತಕ ಅಲ್ಲಿಡುವವರಿದ್ದಾರೆ. ಬೂಷ್ಟು ಬರುವುದಿಲ್ಲ, ನಿಜ, ಆದರೆ ಹೊಗೆಗೆ ಹಾಳೆ ಕಂದುತ್ತದೆ, ಕಾವಿಗೆ ಇವಿಎ ಅಂಟು ಹಿಡಿತ ಬಿಡುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚುವ ಕಬ್ಬಿಣದ ಕಪಾಟಾದರೆ ಸಿಲಿಕಾ ಜೆಲ್ ಇಡಿ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಕೊಳ್ಳಿ. ಬಣ್ಣ ತಿರುಗಿದಾಗ ಅಡಿಗೆಗೆ ಬಳಸದ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನುಸಿಗುಳಿಗೆ ಹುಳು ಓಡಿಸೀತು, ಬೂಷ್ಟಿಗೆ ಏನೂ ಮಾಡದು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯನ್ನು ಮಳೆಗಾಲದಲ್ಲಿ ಬಿಚ್ಚಿಬಿಡಿ, ಒಳಗೆ ಸಿಕ್ಕಿಕೊಂಡ ಥಂಡಿಯೇ ಮೊದಲ ಶತ್ರು. ಬೂಷ್ಟು ಕಂಡರೆ ಹಸಿ ಇರುವಾಗ ಒರೆಸಬೇಡಿ, ಕಾಗದದೊಳಕ್ಕೆ ಉಜ್ಜಿದಂತಾಗುತ್ತದೆ. ಪುಸ್ತಕವನ್ನು ಬೇರೆಯವುಗಳಿಂದ ದೂರ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಿ, ಹೊಳವಾದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮೆದು ಬ್ರಷ್ಷಿನಿಂದ ಝಾಡಿಸಿ.

ಕಿತ್ತುಬಂದ ಎರಡು ಪುಸ್ತಕಗಳನ್ನು ಎಸೆಯಬೇಡಿ. ಬಿಡಿ ಹಾಳೆಯ ಒಳ ಅಂಚಿಗೆ ಎರಡು ಮೂರು ಮಿ.ಮೀ. ಅಗಲದಷ್ಟೇ, ನೀರು ಬೆರೆಸದ ಬಿಳಿ ಪಿವಿಎ ಅಂಟನ್ನು ತೆಳ್ಳಗೆ ಹಚ್ಚಿ. ಉಳಿದ ಭಾಗಕ್ಕೆ ತಗುಲದಂತೆ ರದ್ದಿ ಕಾಗದ ಅಡ್ಡ ಹಿಡಿದರೆ ಅಂಚು ನೇರ ಬರುತ್ತದೆ. ಹಾಳೆಯನ್ನು ಬೆನ್ನಿನ ಆಳಕ್ಕೆ ಕೂರಿಸಿ, ಎರಡೂ ಪಕ್ಕ ಮೇಣದ ಕಾಗದ ಇಟ್ಟು, ಭಾರದ ಕೆಳಗೆ ಒಂದು ಹಗಲು ಒಂದು ರಾತ್ರಿ ಬಿಡಿ. ಜಡಿಮಳೆಯಾದರೆ ಎರಡು ದಿನ. ಸೆಲ್ಲೋಟೇಪು ಬೇಡವೇ ಬೇಡ, ಎರಡು ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಹತ್ತಕ್ಕಿಂತ ಹೆಚ್ಚು ಹಾಳೆ ಕಿತ್ತಿದ್ದರೆ ಶಿವಮೊಗ್ಗದಲ್ಲೋ ಸಾಗರದಲ್ಲೋ ಬೈಂಡರಿಗೆ ಕೊಟ್ಟು ಒಳ ಅಂಚಿನ ಮೂಲಕ ಅಡ್ಡ ಹೊಲಿಗೆ ಹಾಕಿಸಿ. ಆದರೆ ಒಳ ಅಂಚು 15 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೊಲಿಗೆ ಸಾಲಿನ ಅಕ್ಷರಗಳನ್ನು ನುಂಗುತ್ತದೆ, ಮೊದಲು ಸ್ಕೇಲಿಟ್ಟು ಅಳೆಯಿರಿ.

ನಿಮ್ಮ 6,000ವನ್ನು ನಾವಾದರೆ ಹೀಗೆ ಹಂಚುತ್ತಿದ್ದೆವು: ಅರ್ಧ ಕನ್ನಡಕ್ಕೆ, ಡಿಸೆಂಬರಿನ ಆಸುಪಾಸಿನಲ್ಲಿ ಅಕಾಡೆಮಿ ಪ್ರಶಸ್ತಿಗಳು ಹೊರಬೀಳುವಾಗ, ಆ ಪುಸ್ತಕಗಳ ಮೊದಲ ಮುದ್ರಣ ಹೆಚ್ಚಾಗಿ ಮುಗಿದಿರುತ್ತದೆ, ಪ್ರಕಾಶಕರಿಗೇ ನೇರ ಬರೆದು ಮರುಮುದ್ರಣಕ್ಕೆ ಹೆಸರು ನೋಂದಾಯಿಸಿ. 2,500 ಇಂಗ್ಲಿಷ್ ಪೇಪರ್‌ಬ್ಯಾಕಿಗೆ, ಎರಡು ಕಂತಿನಲ್ಲಿ. ಉಳಿದ 500 ಅಂಟು, ಸಿಲಿಕಾ, ಬೈಂಡರಿನ ಕೂಲಿಗೆ.