ನೆಗೆಟಿವ್ ಮೇಲೆ ಬಿಳಿ ಬಲೆ: ನೀರಲ್ಲಿ ತೊಳೆಯಬೇಡಿ

ಕಾರವಾರದ ಮನೆಯ ಕಪಾಟಿನಲ್ಲಿದ್ದ ಅಜ್ಜನ ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲೆ ಜೇಡರ ಬಲೆಯಂಥ ಎಳೆ ಇದೆ, ತೊಳೆಯಬಹುದಾ ಅಂತ ಕೇಳಿದ್ದಿರಲ್ಲ, ಅದು ಬಹುಶಃ ಬೂಷ್ಟು. ಮಳೆಗಾಲದ ತೇವವೇ ಕಾರಣ. ನೀರಲ್ಲಿ ತೊಳೆಯಬೇಡಿ. ಫಿಲ್ಮಿನಲ್ಲಿ ಚಿತ್ರ ಹಿಡಿದಿರುವ ಪದರ ಜೆಲಾಟಿನ್ನಿನದು, ಬೂಷ್ಟು ತಿಂದ ಜೆಲಾಟಿನ್ ನೀರು ತಾಗಿದರೆ ಕರಗುತ್ತದೆ, ಅಜ್ಜನ ಮುಖವೇ ಹೋದೀತು.

ಮೊದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ ಒಂದು ವಾರ ಇಡಿ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ, ಮೆತ್ತನೆ ಬ್ರಶ್ಶಿನಿಂದ ಹಗೂರ ಝಾಡಿಸಿ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಬದಿ ಮಂಕಾಗಿ ಕಾಣುತ್ತದೆ. ಚಿತ್ರ ಇರೋದು ಅಲ್ಲೇ, ಬೆರಳು ತಾಗಿಸಬೇಡಿ.

ಆಮೇಲೆ 3200 ಡಿಪಿಐನಲ್ಲಿ (ಇಂಚಿಗೆ ಅಷ್ಟು ಚುಕ್ಕಿ) ಸ್ಕ್ಯಾನ್ ಮಾಡಿ, ಟಿಫ್ (TIFF) ಫೈಲ್ ಆಗಿ ಉಳಿಸಿ. ಸ್ಕ್ಯಾನರಿನ ಇನ್‌ಫ್ರಾರೆಡ್ ಧೂಳು ತೆಗೆಯುವ ಆಯ್ಕೆ ಆಫ್ ಇರಲಿ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಬೆಳ್ಳಿಯ ಕಣಗಳದ್ದು, ಅದನ್ನೇ ಧೂಳು ಅಂದುಕೊಂಡು ಸ್ಕ್ಯಾನ್ ಚಿತ್ರವನ್ನೇ ಕೆಡಿಸುತ್ತದೆ. ಪದರದೊಳಗೆ ಇಳಿದ ಕಲೆ ಪೂರ್ತಿ ಹೋಗದೇ ಇರಬಹುದು. ಹಳೆ ಪ್ಲಾಸ್ಟಿಕ್ ಕವರಿಗೆ ಮಾತ್ರ ವಾಪಸ್ ಹಾಕಬೇಡಿ.