ಸಾಮಾಜಿಕ ಜಾಲತಾಣದ ಬಗ್ಗೆ ವಿದ್ಯಾರ್ಥಿ ಚಿತ್ರ ಮಾಡುವಾಗ ಸಾಕ್ಷ್ಯಚಿತ್ರದ ಯಾವ ರೀತಿಗಳನ್ನು ಬಳಸಬೇಕು?

ಈ ವಿಷಯದ ದೊಡ್ಡ ತೊಡಕು ದೃಶ್ಯದ್ದು: ಮೊಬೈಲ್ ನೋಡುತ್ತ ಕುಳಿತವರನ್ನು ಎಷ್ಟು ಹೊತ್ತು ತೋರಿಸಲು ಸಾಧ್ಯ? ಹಾಗಾಗಿ ಹಿನ್ನೆಲೆ ನಿರೂಪಣೆಗಿಂತ ವೀಕ್ಷಣೆಯನ್ನೇ, ಅಂದರೆ ನಡೆಯುವುದನ್ನು ಇದ್ದಂತೆಯೇ ಕ್ಯಾಮೆರಾದಲ್ಲಿ ಹಿಡಿಯುವ ರೀತಿಯನ್ನೇ ನಂಬಿ. ರಾತ್ರಿ ಪರದೆಯ ಬೆಳಕು ಬಿದ್ದ ಮುಖ, ನಿಲ್ಲದೆ ಸರಿಯುವ ಹೆಬ್ಬೆರಳು, ಊಟದ ತಟ್ಟೆಯ ಪಕ್ಕದ ಫೋನು: ಇಂಥ ಶಾಟ್‌ಗಳನ್ನು ಅವಸರವಿಲ್ಲದೆ ಹಿಡಿಯಿರಿ. ಸಂದರ್ಶನದ ತುಣುಕುಗಳನ್ನು ಜೋಡಿಸುವಾಗ ಕತ್ತರಿಯ ಗುರುತು ಮುಚ್ಚಲೂ ಇವೇ ಬೇಕಾಗುತ್ತವೆ.

ಸಂದರ್ಶನದಲ್ಲಿ ‘ಜಾಲತಾಣ ಒಳ್ಳೆಯದೇ, ಕೆಟ್ಟದ್ದೇ?’ ಎಂದು ದಯವಿಟ್ಟು ಕೇಳಬೇಡಿ. ಶಾಲೆಯ ಪ್ರಬಂಧದಂಥ ಉತ್ತರ ಬರುತ್ತದೆ. ‘ನಿನ್ನೆ ಮಲಗುವ ಮುನ್ನ ಕೊನೆಗೆ ಏನು ನೋಡಿದಿರಿ?’ ಎಂದು ಕೇಳಿ, ಉತ್ತರದ ನಂತರವೂ ಕ್ಯಾಮೆರಾ ಓಡುತ್ತಿರಲಿ. ಆ ಮೌನದಲ್ಲಿಯೇ ಹಲವರು ನಿಜವಾದ ಮಾತು ಆಡುತ್ತಾರೆ.

2020ರ ‘ದಿ ಸೋಷಿಯಲ್ ಡಿಲೆಮಾ’ ಎಂಬ ಸಾಕ್ಷ್ಯಚಿತ್ರ ತಂತ್ರಜ್ಞಾನ ಕಂಪನಿಗಳ ಮಾಜಿ ಉದ್ಯೋಗಿಗಳ ಸಂದರ್ಶನಗಳ ಜೊತೆ ನಟರು ಅಭಿನಯಿಸಿದ ಕುಟುಂಬದ ಕಥೆಯನ್ನು ಹೆಣೆದಿತ್ತು. ನೀವೂ ಹಾಗೆ ಮಾಡಬಹುದು. ಆದರೆ ಚಾಟ್ ಸಂದೇಶಗಳನ್ನು ನೀವೇ ಸೃಷ್ಟಿಸಿದ್ದರೆ ‘ಮರುಸೃಷ್ಟಿ’ ಎಂದು ಪರದೆಯ ಮೇಲೆ ಬರೆಯಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಕಾಣುವ ಅಪರಿಚಿತರ ಹೆಸರು, ಮುಖಗಳನ್ನು ಮಸುಕುಗೊಳಿಸಿ. ಮಾತನಾಡುವವರು 18 ವರ್ಷದೊಳಗಿನವರಾದರೆ ಪೋಷಕರ ಲಿಖಿತ ಒಪ್ಪಿಗೆಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಿರಿ.