ನ್ಯೂಜೆರ್ಸಿಯಿಂದ ಬೇರೆ ರಾಜ್ಯಗಳಿಗೆ ಮಾರಿದರೆ ಎಲ್ಲ ಕಡೆ ಸೇಲ್ಸ್ ಟ್ಯಾಕ್ಸ್ ಕಟ್ಟಬೇಕಾ?

ನ್ಯೂಜೆರ್ಸಿಯ ಮನೆಯಿಂದ ಖಣದ ಕುರ್ತಾ, ಜುಮುಕಿ ಮಾರುತ್ತೀರಿ. ಸ್ವಲ್ಪ ಸ್ವಂತ ವೆಬ್‌ಸೈಟಿನಲ್ಲಿ, ಸ್ವಲ್ಪ ಅಮೆಜಾನಿನಲ್ಲಿ. ಎಲ್ಲ ರಾಜ್ಯಗಳಲ್ಲೂ ರಿಜಿಸ್ಟರ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಇಲ್ಲಿನ ಸಣ್ಣ ವ್ಯಾಪಾರಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು ಎಲ್ಲಿ ಎಷ್ಟು ಪರ್ಸೆಂಟ್ ಅಂತ. ಅದು ಆಮೇಲಿನ ಮಾತು, ಒಂದು ರಾಜ್ಯಕ್ಕೆ ಎಷ್ಟು ಮಾರಿದರೆ ತೆರಿಗೆ ಶುರು ಅನ್ನುವ ಮಿತಿ ಮೊದಲು ನೋಡಿ.

ಆನ್‌ಲೈನ್ ಅಂಗಡಿ ವೇಫೇರ್ ಮೇಲೆ ಸೌತ್ ಡಕೋಟಾ ರಾಜ್ಯ ಹಾಕಿದ್ದ ಕೇಸಿನಲ್ಲಿ 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೆ, ನಿಮ್ಮ ಅಂಗಡಿಯೋ ಗೋದಾಮೋ ಕೆಲಸದವರೋ ಇಲ್ಲದ ರಾಜ್ಯ ನಿಮ್ಮ ಕೈಯಲ್ಲಿ ಈ ತೆರಿಗೆ ವಸೂಲಿ ಮಾಡಿಸುವಂತಿರಲಿಲ್ಲ. ಈಗ ಅಲ್ಲಿಗೆ ಮಾರಾಟ ಜಾಸ್ತಿ ಆದರೂ ಸಾಕು. ಎಷ್ಟು ಜಾಸ್ತಿ ಅನ್ನುವುದು ಒಂದೊಂದು ಕಡೆ ಒಂದೊಂದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ 5 ಲಕ್ಷ ಡಾಲರ್. ನ್ಯೂಯಾರ್ಕ್‌ನಲ್ಲಿ 5 ಲಕ್ಷವೂ ದಾಟಬೇಕು, 100 ಆರ್ಡರೂ ದಾಟಬೇಕು. ಫ್ಲೋರಿಡಾ, ಪೆನ್ಸಿಲ್ವೇನಿಯಾದಲ್ಲಿ 1 ಲಕ್ಷ. ಜಾರ್ಜಿಯಾದಲ್ಲಿ 1 ಲಕ್ಷ ಇಲ್ಲವೇ 200 ಆರ್ಡರ್, ಯಾವುದು ಮೊದಲಾದರೂ ಸರಿ. ಸಣ್ಣವರಿಗೆ ಪೆಟ್ಟು ಬೀಳುವುದು ಇಲ್ಲೇ. 20 ಡಾಲರ್‌ನ ಜುಮುಕಿ 200 ಹೋದರೆ ಕೈಗೆ ಬರುವುದು ಬರೀ 4,000, ಆದರೂ ಮಿತಿ ಮುಟ್ಟಿದ ಹಾಗೆ. ಕೇಸ್ ಗೆದ್ದ ಸೌತ್ ಡಕೋಟಾ ಕೂಡ 2023ರಲ್ಲಿ ಈ 200ರ ಲೆಕ್ಕ ಕೈಬಿಟ್ಟಿತು. ಆರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ, ಮರೆತುಬಿಡಿ.

ಅಮೆಜಾನಿನಲ್ಲಿ ಮಾರಿದ್ದಕ್ಕೆ ತೆರಿಗೆ ಅವರೇ ಹಿಡಿದು ಕಟ್ಟುತ್ತಾರೆ. ಆದರೆ ಮಾಲು ಅವರ ಗೋದಾಮಿನಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಹುಷಾರು. ಹೆಚ್ಚಿನ ರಾಜ್ಯಗಳು ಅದನ್ನು ನಿಮ್ಮದೇ ಅಂಗಡಿ ಇದ್ದ ಹಾಗೆ ಲೆಕ್ಕ ಹಿಡಿಯುತ್ತವೆ. ಆಗ ಮಿತಿಯ ಮಾತೇ ಬರುವುದಿಲ್ಲ, ಆ ರಾಜ್ಯದಿಂದ ನಿಮ್ಮ ವೆಬ್‌ಸೈಟಿಗೆ ಬರುವ ಮೊದಲ ಆರ್ಡರಿಗೇ ತೆರಿಗೆ. ಮಾಲು ಯಾವ ಗೋದಾಮಿನಲ್ಲಿದೆ ಅನ್ನುವ ರಿಪೋರ್ಟ್ ನಿಮ್ಮ ಸೆಲ್ಲರ್ ಅಕೌಂಟಿನಲ್ಲೇ ಸಿಗುತ್ತದೆ, ಮೊದಲು ಅದನ್ನು ತೆಗೆಯಿರಿ.

ಬಟ್ಟೆ ಮಾರುವುದರಲ್ಲಿ ಒಂದು ಅನುಕೂಲ ಇದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿ ಉಡುಪಿಗೆ ತೆರಿಗೆ ಇಲ್ಲ. ಜುಮುಕಿಗೆ ಇದೆ, ನ್ಯೂಜೆರ್ಸಿಯಲ್ಲಿ 6.625%. ಆದ್ದರಿಂದ ನಿಮ್ಮ ಸ್ವಂತ ರಾಜ್ಯದ ರಿಜಿಸ್ಟ್ರೇಷನ್ ಅಂತೂ ಈಗಲೇ ಬೇಕು. ನ್ಯೂಯಾರ್ಕ್ ನಗರದ ಲೆಕ್ಕ ಇನ್ನೂ ವಿಚಿತ್ರ. 109 ಡಾಲರ್‌ನ ಕುರ್ತಾಗೆ ಸೊನ್ನೆ, 110 ಆಯಿತೋ ಪೂರ್ತಿ ಬೆಲೆಗೆ 8.875%. ಒಂದು ಡಾಲರ್ ಏರಿಸಿದ್ದಕ್ಕೆ ಗಿರಾಕಿಗೆ ಹತ್ತಿರ ಹತ್ತಿರ 11 ಡಾಲರ್ ಜಾಸ್ತಿ ಬೀಳುತ್ತದೆ, ಬೆಲೆ ಇಡುವಾಗ ನೋಡಿಕೊಳ್ಳಿ.

ರಿಜಿಸ್ಟರ್ ಮಾಡಿಸಿ ತೆರಿಗೆ ವಸೂಲಿಯ ಪರ್ಮಿಟ್ ಪಡೆಯದ ರಾಜ್ಯದ ಗಿರಾಕಿಯಿಂದ ಟ್ಯಾಕ್ಸ್ ಅಂತ ದುಡ್ಡು ತಗೋಬೇಡಿ. ಹಾಗಂತ ಸುಮ್ನೆ ಎಲ್ಲ ಕಡೆ ಪರ್ಮಿಟ್ ಮಾಡಿಸಿಕೊಂಡರೆ, ಏನೂ ಮಾರದಿದ್ದರೂ ಸೊನ್ನೆ ರಿಟರ್ನ್ ಹಾಕುತ್ತಾ ಕೂರಬೇಕಾಗುತ್ತದೆ. ರಾಜ್ಯವಾರು ಮಾರಾಟ ಮತ್ತು ಆರ್ಡರ್ ಸಂಖ್ಯೆ ಒಂದು ಶೀಟಿನಲ್ಲಿ ಪ್ರತಿ ತಿಂಗಳು ಬರೆದಿಡಿ. ಯಾವ ರಾಜ್ಯ ಮಿತಿ ಹತ್ತಿರ ಬಂತೋ ಆಗ ಅಲ್ಲಿ ಅರ್ಜಿ ಹಾಕಿದರೆ ಆಯಿತು.